ಚಿವುಟಿದ ಮ್ಯೂಗೋ, ಕತ್ತರಿಸಿದ ಮ್ಯೂಗೋ, ಪಕ್ಕದಲ್ಲೊಂದು ಸರ್ವೆ

ನಮ್ಮ ಮನೆಯ ಅಂಗಳದಲ್ಲಿ ಅಡಿಕೆ ಒಣಗಿಸುವ ಪಾಲಿಹೌಸ್ ಇದೆ. ಅದರ ಬದಿಗೆ ಮೂರು ಕುಂಡ ಸಾಲಾಗಿ ಇಟ್ಟಿದ್ದೇನೆ. ಎರಡರಲ್ಲಿ ಮ್ಯೂಗೋ ಪೈನ್, ಮೂರನೆಯದರಲ್ಲಿ ಸರ್ವೆ ಗಿಡ. ನಾಲ್ಕು ವರ್ಷದಿಂದ ಮೂರನ್ನೂ ಬೋನ್ಸಾಯ್ ಆಗಿ, ಅಂದರೆ ಕುಂಡದಲ್ಲೇ ಕುಳ್ಳ ಮರದ ರೂಪಕ್ಕೆ, ಬೆಳೆಸುತ್ತಿದ್ದೇನೆ. ತೀರ್ಥಹಳ್ಳಿ ಕಡೆಯ ಮಳೆಯಲ್ಲಿ ಪೈನ್ ಬದುಕುತ್ತಾ ಅಂತ ನೋಡಿದವರೆಲ್ಲ ಕೇಳುತ್ತಾರೆ. ಬದುಕುತ್ತದೆ. ಆದರೆ ಕತ್ತರಿ ಯಾವ ತಿಂಗಳಲ್ಲಿ ಕೈಗೆ ತಗೊಳ್ತೀರಿ ಅನ್ನೋದೇ ಮುಖ್ಯ.

ಮ್ಯೂಗೋ ಯುರೋಪಿನ ಬೆಟ್ಟದ ಗಿಡ. ಆಲ್ಪ್ಸ್, ಪಿರನೀಸ್, ಕಾರ್ಪೇಥಿಯನ್ ಬೆಟ್ಟಗಳಲ್ಲಿ ಹೆಚ್ಚಾಗಿ 1000ದಿಂದ 2200 ಮೀಟರ್ ಎತ್ತರದಲ್ಲಿ ಪೊದೆಯಾಗಿ ಹರಡುತ್ತದೆ. ನಮ್ಮ ಕೊಡಚಾದ್ರಿಯ ತುದಿಯೇ 1343 ಮೀಟರ್, ನಮ್ಮ ಮನೆ ಅದರ ಅರ್ಧ ಎತ್ತರದಲ್ಲೂ ಇಲ್ಲ. ಹಿಮ ಬಿಡಿ, ಇಲ್ಲಿ ಸರಿಯಾದ ಚಳಿಯೂ ಇಲ್ಲ. ಊಟಿಯಲ್ಲಿ ಒಬ್ಬರು ಊರು ಬಿಡುವಾಗ ತಮ್ಮ ಗಿಡಗಳನ್ನು ಮಾರುತ್ತಿದ್ದರು. ಅವರಿಂದ ಒಂದೇ ವಯಸ್ಸಿನ, ಹೆಬ್ಬೆರಳು ದಪ್ಪದ ಎರಡು ಮ್ಯೂಗೋ ತಂದೆ. ಒಂದೇ ಥರದ ಎರಡು ಗಿಡ ಸಿಕ್ಕಿದ್ದರಿಂದಲೇ ಈ ಹೋಲಿಕೆ ಸಾಧ್ಯವಾಯಿತು.

ಪೈನಿನ ಹೊಸ ಚಿಗುರು ಮೊದಲು ಎಲೆ ಬಿಡುವುದಿಲ್ಲ. ದೀಪದ ಬತ್ತಿಯ ಹಾಗೆ ನೆಟ್ಟಗೆ ಮೇಲೇಳುತ್ತದೆ. ಬೋನ್ಸಾಯ್ ಮಾಡುವವರು ಕ್ಯಾಂಡಲ್ ಅನ್ನುತ್ತಾರೆ, ನಾನು ಬತ್ತಿ ಅಂತಲೇ ಕರೆಯುತ್ತೇನೆ. ನಮ್ಮಲ್ಲಿ ಫೆಬ್ರವರಿ ಕೊನೆಗೆ ಬತ್ತಿ ಏಳುತ್ತದೆ. ಏಪ್ರಿಲ್ ಹೊತ್ತಿಗೆ ಅದರ ಮೈಯಿಂದ ಸೂಜಿ ಎಲೆಗಳು ಎರಡೆರಡಾಗಿ ಬಿಚ್ಚಿಕೊಳ್ಳುತ್ತವೆ. ಮೇ ಮಧ್ಯಕ್ಕೆ ಬಲಿತು ಗಟ್ಟಿಯಾಗುತ್ತವೆ.

ಮೊದಲ ಗಿಡಕ್ಕೆ ಬತ್ತಿ ಚಿವುಟುವ ಕ್ರಮ ಹಿಡಿದೆ. ಮಾರ್ಚಿನಲ್ಲಿ, ಸೂಜಿ ಬಿಚ್ಚುವ ಮೊದಲು, ಉದ್ದ ಬತ್ತಿಗಳನ್ನು ಬೆರಳಲ್ಲೇ ಅರ್ಧಕ್ಕೆ ಮುರಿಯುವುದು. ಸಣ್ಣವನ್ನು ಹಾಗೇ ಬಿಡುವುದು. ಹಿತವಾದ ಕೆಲಸ ಇದು. ಎಳೆ ಬತ್ತಿ ಚಟ್ ಅಂತ ಮುರಿಯುತ್ತದೆ, ಬೆರಳಿಗೆ ಅಂಟು ಹತ್ತುತ್ತದೆ, ಟರ್ಪೆಂಟೈನ್ ವಾಸನೆ ಸಂಜೆವರೆಗೂ ಹೋಗುವುದಿಲ್ಲ. ಎರಡನೆಯ ಗಿಡವನ್ನು ಮಾತ್ರ ಮೇ ಮೂರನೇ ವಾರದವರೆಗೆ ಮುಟ್ಟಲೇ ಇಲ್ಲ. ಬತ್ತಿಗಳು ಬೆಳೆದು, ಸೂಜಿ ಬಲಿತ ಮೇಲೆ ಕತ್ತರಿಯಿಂದ ಹೊಸ ಚಿಗುರಿನಲ್ಲಿ ಆರೇಳು ಜೋಡಿ ಸೂಜಿ ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿದೆ.

ಮೊದಲ ವರ್ಷ ಚಿವುಟಿದ ಗಿಡವೇ ಚೆಂದ ಕಂಡಿತು. ಸೂಜಿ ಗಿಡ್ಡ, ತುದಿ ಒತ್ತೊತ್ತು. ಕತ್ತರಿಸಿದ್ದು ಬೋಳು ಬೋಳಾಗಿ ಕುಳಿತಿತ್ತು, ನೋಡಿ ಬೇಸರವಾಯಿತು. ಎರಡನೇ ವರ್ಷದ ಬೇಸಿಗೆಗೆ ಲೆಕ್ಕ ತಿರುಗಿತು. ಚಿವುಟಿದ ಗಿಡದಲ್ಲಿ ಹೊಸ ಮೊಗ್ಗೆಲ್ಲ ಮುರಿದ ಜಾಗದ ಹತ್ತಿರವೇ, ಕೊಂಬೆಯ ತುದಿಯಲ್ಲೇ ಗುಂಪು ಕಟ್ಟಿತ್ತು. ಒಳಗೆ ಹೆಚ್ಚೇನೂ ಇಲ್ಲ. ತುದಿ ದಟ್ಟವಾದ ಹಾಗೆ ಒಳಗಿನ ಹಳೆ ಸೂಜಿಗೆ ಬಿಸಿಲು ಬೀಳದೆ ಉದುರಿತು. ಕೊಂಬೆ ವರ್ಷ ವರ್ಷ ಉದ್ದವಾಗುತ್ತಾ, ತುದಿಗೆ ಹಸಿರು ಗುಚ್ಛ ಕಟ್ಟಿದ ಕೋಲಿನ ಹಾಗಾಯಿತು.

ಕತ್ತರಿಸಿದ ಗಿಡದ ಹತ್ತಿರ ಕೂತು ನೋಡಿದರೆ ಬೇರೆಯೇ ಕತೆ. ಪೈನಿನ ಎರಡು ಸೂಜಿ ಒಂದು ಸಣ್ಣ ಕಂದು ಒರೆಯಲ್ಲಿ ಕೂತಿರುತ್ತವೆ, ಅಲ್ವಾ? ಆ ಒರೆಯ ನಡುವೆ ಸಾಸಿವೆ ಕಾಳಿನಷ್ಟು ಉಬ್ಬು ಕಂಡಿತು. ಒಂದಲ್ಲ, ಒಂದು ಕೊಂಬೆಯಲ್ಲೇ ನಾಲ್ಕು. ಹಿಂದಿನ ವರ್ಷದ ಭಾಗದಲ್ಲೂ, ಸೂಜಿ ಉಳಿದಲ್ಲೆಲ್ಲ ಎರಡು ಮೂರು ಕಂಡವು. ಇಡೀ ಗಿಡದಲ್ಲಿ ಒಳಮೊಗ್ಗು ಎಣಿಸಿದಾಗ 19 ಸಿಕ್ಕವು, ಚಿವುಟಿದ್ದರಲ್ಲಿ 4. ಬೋನ್ಸಾಯ್‌ಗೆ ಬೇಕಾಗಿರುವುದು ಈ ಒಳಮೊಗ್ಗೇ. ಅದಿದ್ದರೆ ಮಾತ್ರ ಮುಂದೆ ಕೊಂಬೆಯನ್ನು ಕಾಂಡದ ಹತ್ತಿರಕ್ಕೆ ಗಿಡ್ಡ ಮಾಡಬಹುದು.

ಒಂದು ವಿಷಯ ಮಾತ್ರ ಮರೆಯಬೇಡಿ. ಕಾಫಿ ತೋಟದವರಿಗೆ ಬುಡದವರೆಗೆ ಕಡಿದರೂ ಗಿಡ ಚಿಗುರುವುದನ್ನು ನೋಡಿ ಅಭ್ಯಾಸ. ಮ್ಯೂಗೋದಲ್ಲಿ ಆ ಧೈರ್ಯ ಬೇಡ. ಒಂದೂ ಸೂಜಿ ಉಳಿಯದ ಕೊಂಬೆ ಹೆಚ್ಚಾಗಿ ಒಣಗಿಯೇ ಹೋಗುತ್ತದೆ. ಮೊದಲ ವರ್ಷವೇ ಚಿವುಟುವ ಗಿಡದ ಮೂರು ಕೊಂಬೆಗಳಲ್ಲಿ ಜಪಾನಿನ ಕಪ್ಪು ಪೈನಿಗೆ ಮಾಡುವ ಹಾಗೆ ಬತ್ತಿಗಳನ್ನು ಪೂರ್ತಿ ಕತ್ತರಿಸಿ ನೋಡಿದ್ದೆ. ಕಪ್ಪು ಪೈನ್ ಅದೇ ವರ್ಷ ಎರಡನೇ ಸಲ ಚಿಗುರುತ್ತದೆ, ಅದಕ್ಕೇ ಆ ಕ್ರಮ. ಮ್ಯೂಗೋ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಸಲ. ಎರಡು ಕೊಂಬೆ ಸಣ್ಣ ಮೊಗ್ಗು ಕಟ್ಟಿ ಸುಮ್ನೆ ಕೂತವು. ಕೆಳಗಿನ, ಮೊದಲೇ ಸೊರಗಿದ್ದ ಕೊಂಬೆ ಸತ್ತಿತು. ಆ ಕಡೆ ಗಿಡ ಇವತ್ತಿಗೂ ಖಾಲಿ.

ಇನ್ನು ಮಳೆ. ಬಲಿತ ಮೇಲೆ ಕತ್ತರಿಸುವ ಕ್ರಮಕ್ಕೆ ಮಲೆನಾಡಿನಲ್ಲಿರುವ ದೊಡ್ಡ ತೊಂದರೆ ಇದೇ. ಸೂಜಿ ಬಲಿಯುವುದಕ್ಕೂ ಮುಂಗಾರು ಬರುವುದಕ್ಕೂ ನಡುವೆ ಸಿಗುವುದು ಎರಡು ಮೂರು ವಾರ ಅಷ್ಟೇ. ಎರಡನೇ ವರ್ಷ ಮನೆಯಲ್ಲಿ ಮದುವೆ ಓಡಾಟ. ಜೂನ್ 12ಕ್ಕೆ ಕತ್ತರಿಸಿದೆ, ಆಗಲೇ ಮಳೆ ಹಿಡಿದಿತ್ತು. ಕತ್ತರಿಸಿದ ತುದಿಗಳು ಒಂದೊಂದಾಗಿ ಕಪ್ಪಾಗಿ ಒಳಕ್ಕೆ ಒಣಗಿದವು. ಮೂರನೇ ವರ್ಷದಿಂದ ಮೇ 20ರ ಒಳಗೆ ಮುಗಿಸುತ್ತೇನೆ, ಗಾಯಕ್ಕೆ ಪೇಸ್ಟ್ ಹಚ್ಚುತ್ತೇನೆ, ಮಳೆ ಶುರುವಾದ ದಿನವೇ ಎರಡೂ ಕುಂಡವನ್ನು ಪಾಲಿಹೌಸಿನ ಬಾಗಿಲ ಬಳಿ ಇಡುತ್ತೇನೆ. ಮಳೆಗಾಲದಲ್ಲಿ ಅದು ಹೇಗೂ ಖಾಲಿ. ಬೆಳಕು ಬರುತ್ತದೆ, ನೀರು ಬೀಳುವುದಿಲ್ಲ, ಎರಡೂ ಬದಿ ತೆರೆದಿಟ್ಟರೆ ಗಾಳಿಯೂ ಆಡುತ್ತದೆ.

ಆದರೂ ಆ ತೇವಕ್ಕೆ ಸೂಜಿಯ ಮೇಲೆ ಕಂದು ಪಟ್ಟೆ ಬಂತು. ತೋಟದ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯಲು ಬಂದವನು, "ಅಮ್ಮಾ, ಇದಕ್ಕೂ ಒಂದು ಕೈ ಹೊಡೀಲಾ?" ಅಂತ ಕೇಳಿದ. ಅವತ್ತೇ ಮೈಲುತುತ್ತು, ಸುಣ್ಣ ಕಲಸಿ ಮಾಡಿದ 1% ಬೋರ್ಡೋ ದ್ರಾವಣ, ಅಂದರೆ ತಾಮ್ರದ ಔಷಧಿ. ಹೊಡೆಸಿದೆ. ಪೈನಿನ ಸೂಜಿ ರೋಗಕ್ಕೂ ತಾಮ್ರದ ಔಷಧಿಯೇ ಮದ್ದು. ಪಟ್ಟೆ ಬಿದ್ದ ಸೂಜಿ ಉದುರಿತು, ಹೊಸದಕ್ಕೆ ಹರಡಲಿಲ್ಲ. ಈಗ ಅಡಿಕೆಗೆ ಹೊಡೆಸಿದಾಗೆಲ್ಲ ಇವಕ್ಕೂ ಹೊಡೆಸುತ್ತೇನೆ.

ಮಣ್ಣಿನ ವಿಷಯ ಜಾಸ್ತಿ ಇಲ್ಲ. ಜಂಬಿಟ್ಟಿಗೆ ಕಲ್ಲಿನ ಚೂರು ಜರಡಿ ಹಿಡಿದು, ಪುಡಿ ತೆಗೆದು, ಕಡಲೆ ಕಾಳಿನ ಗಾತ್ರದ್ದನ್ನೇ ತುಂಬಿದೆ, ಜೊತೆಗೆ ಸ್ವಲ್ಪ ಇದ್ದಿಲು. ನೀರು ನಿಲ್ಲುವುದಿಲ್ಲ. ಕುಂಡ ಬದಲಿಸುವಾಗ ಬೇರಿನ ಒಂದು ಬದಿಯ ಮಣ್ಣು ಮಾತ್ರ ಬಿಡಿಸಿ, ಇನ್ನೊಂದು ಬದಿಯನ್ನು ಎರಡು ವರ್ಷ ಬಿಟ್ಟು ಮಾಡಿ. ಬೇರಿನ ಸುತ್ತ ಬಿಳಿ ಬೂಷ್ಟಿನ ಹಾಗೆ ಕಂಡರೆ ಗಾಬರಿಯಾಗಿ ತೊಳೆಯಬೇಡಿ. ಅದು ಪೈನಿನ ಬೇರಿಗೆ ನೀರು, ಗೊಬ್ಬರ ಒದಗಿಸುವ ಶಿಲೀಂಧ್ರ.

ಈಗ ಸರ್ವೆ. ಕೆಲವರು ಗಾಳಿಮರ ಅನ್ನುತ್ತಾರೆ. ಹೊನ್ನಾವರ, ಕಾರವಾರದ ಕಡಲ ದಂಡೆಯಲ್ಲಿ ತೋಪು ತೋಪಾಗಿ ನಿಂತಿರುತ್ತದಲ್ಲ, ಅದೇ. ನೋಡಲು ಪೈನಿನ ಹಾಗಿದ್ದರೂ ಪೈನ್ ಜಾತಿಯಲ್ಲ, ಹೂ ಬಿಡುವ ಮರ. ಸೂಜಿ ಅಂತ ಕಾಣುವುದು ನಿಜಕ್ಕೂ ಗಂಟು ಗಂಟಾದ ಹಸಿರು ಕಡ್ಡಿ. ಚಿಕ್ಕವರಿದ್ದಾಗ ಅದನ್ನು ಒಂದು ಗಂಟಿನಲ್ಲಿ ಕಿತ್ತು ಮತ್ತೆ ಸಿಕ್ಕಿಸಿ, ಎಲ್ಲಿ ಮುರಿದಿದೆ ಹೇಳು ಅಂತ ಆಡುತ್ತಿದ್ದೆವು. ನಿಜವಾದ ಎಲೆ ಆ ಗಂಟಿನ ಸುತ್ತ ಇರುವ ಪುಟ್ಟ ಹಲ್ಲುಗಳು.

ಬೆಳೆಸಲು ಇದು ಎಷ್ಟು ಸಲೀಸು ಅಂದರೆ, ಮ್ಯೂಗೋದಲ್ಲಿ ನಾಲ್ಕು ವರ್ಷಕ್ಕೆ ಕಲಿತದ್ದನ್ನು ಇದರಲ್ಲಿ ಒಂದೇ ಮಳೆಗಾಲಕ್ಕೆ ಕಲಿಯಬಹುದು. ಮಳೆಯಲ್ಲೇ ಹೊರಗಿಟ್ಟಿದ್ದೇನೆ. 15 ದಿನಕ್ಕೊಮ್ಮೆ ತುದಿ ಚಿವುಟುತ್ತೇನೆ, ಚಿವುಟಿದಲ್ಲೆಲ್ಲ ಕವಲೊಡೆಯುತ್ತದೆ. ಬೆರಳು ದಪ್ಪದ ಕೊಂಬೆಯನ್ನು ಹಸಿರೇ ಇಲ್ಲದ ಹಾಗೆ ಕತ್ತರಿಸಿದರೂ ತಿಂಗಳೊಳಗೆ ಚಿಗುರಿತು. ಬೇರಿನಲ್ಲಿ ಶುಂಠಿಯ ಹಾಗೆ ಗಂಟುಗಳಿರುತ್ತವೆ, ಅವು ಗಾಳಿಯ ಸಾರಜನಕ ಹಿಡಿದು ಕೊಡುವುದರಿಂದ ಗೊಬ್ಬರವೂ ಕಡಿಮೆ ಸಾಕು. ಎಚ್ಚರ ಬೇಕಾಗಿರುವುದು ಕೊಂಬೆ ಬಾಗಿಸಲು ಸುತ್ತುವ ತಂತಿಯಲ್ಲಿ. ಮ್ಯೂಗೋಗೆ ಸುತ್ತಿದ ಅಲ್ಯೂಮಿನಿಯಂ ತಂತಿ ವರ್ಷವಿಡೀ ಇದ್ದರೂ ತೊಂದರೆಯಾಗಲಿಲ್ಲ. ಸರ್ವೆಯಲ್ಲಿ ಎರಡೇ ತಿಂಗಳಿಗೆ ತೊಗಟೆಯೊಳಗೆ ಹೂತಿತು. ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೂ ಕಡ್ಡಿ ಬಾಡುತ್ತದೆ.

ಹಾಗಾದರೆ ಸರ್ವೆಯೇ ಸಾಕಲ್ಲ ಅಂದರೆ, ಹೊಸಬರಿಗೆ ನಾನು ಹೇಳುವುದು ಅದನ್ನೇ. ಆದರೆ ಮ್ಯೂಗೋದ ಕೊಂಬೆಗೆ ಇರುವ ಗಟ್ಟಿ ಗಾಂಭೀರ್ಯ ಸರ್ವೆಯ ಕೂದಲಿನಂಥ ಹಸಿರಿಗೆ ಬರುವುದಿಲ್ಲ. ಹತ್ತು ಅಡಿ ದೂರದಿಂದ ಎರಡೂ ಒಂದೇ, ಹತ್ತಿರ ಬಂದರೆ ನನ್ನ ಕಣ್ಣು ಮ್ಯೂಗೋ ಮೇಲೇ ನಿಲ್ಲುತ್ತದೆ.

ಚಳಿಯ ಕೊರತೆಗೆ ಮಾತ್ರ ಪೂರ್ತಿ ಉಪಾಯ ಸಿಕ್ಕಿಲ್ಲ. ಬತ್ತಿಗಳು ಒಂದೇ ಸಲ ಏಳದೆ ಹಿಂದೆ ಮುಂದೆ ಏಳುತ್ತವೆ. ಬಾಬಾಬುಡನ್ ಗಿರಿಯ ಕಡೆ ಅಕ್ಕನ ಮನೆಯಿದೆ, ಅಲ್ಲಿ ರಾತ್ರಿ ಚಳಿ ಜಾಸ್ತಿ. ಕಳೆದ ಡಿಸೆಂಬರಿನಿಂದ ಜನವರಿ ಕೊನೆವರೆಗೆ ಎರಡೂ ಕುಂಡ ಅವಳ ಅಂಗಳದಲ್ಲಿದ್ದವು. ಈ ಸಲ ಬತ್ತಿಗಳು ಹೆಚ್ಚು ಕಡಿಮೆ ಒಟ್ಟಿಗೇ ಎದ್ದವು.

ಚಿವುಟುವ ಗಿಡವನ್ನೂ ಈ ಮೇ ತಿಂಗಳಿಂದ ಕತ್ತರಿಗೆ ಬದಲಿಸಿದ್ದೇನೆ. ತುದಿಯ ಗುಚ್ಛ ಬಿಡಿಸಿ, ಒಳಗೆ ಬಿಸಿಲು ಬೀಳುವ ಹಾಗೆ ಮಾಡಿದೆ. ಮೊನ್ನೆ ಕನ್ನಡಕ ಹಾಕಿ ಹುಡುಕಿದಾಗ ಬಲಗಡೆ ಕೊಂಬೆಯ ಒಳಭಾಗದಲ್ಲಿ ಒಂದು ಉಬ್ಬು ಕಂಡಿತು. ಅಲ್ಲಿ ಮೂರೇ ಜೋಡಿ ಸೂಜಿ ಉಳಿದಿತ್ತು.