ದೀಪದ ಕೋಲಿಗೆ ಮೂರು ಬಗೆಯ ಬೆಳಕು ಬೇಕಿರಲಿಲ್ಲ: ವಾಂಡ್ ಮತ್ತು ಚಾಕ್‌ಗಳ ವಿಮರ್ಶೆ

ವಿಮಾನವನ್ನು ನಿಲುಗಡೆಯ ಗುರುತಿನವರೆಗೆ ಕರೆತರುವ ಮಾರ್ಷಲರ್‌ಗಳು ಹಿಡಿಯುವ ಎಲ್‌ಇಡಿ ವಾಂಡ್ ಒಂದು ಜೊತೆ, ಚಕ್ರಕ್ಕೆ ಒತ್ತುಕೊಡುವ ರಬ್ಬರ್ ಚಾಕ್ ಎರಡು ಜೊತೆ, ಇವಿಷ್ಟನ್ನು ಮಂಗಳೂರಿನ ಬಂದರ್ ಕಡೆಯ ಅಂಗಡಿಯೊಂದರಿಂದ ಮಳೆಗಾಲಕ್ಕೆ ಮೊದಲೇ ತಂದಿದ್ದೆ. ರ‍್ಯಾಂಪ್ ಕೆಲಸಕ್ಕೆ, ಅಂದರೆ ನಿಂತ ವಿಮಾನದ ಸುತ್ತಲಿನ ನೆಲದ ಕೆಲಸಕ್ಕೆ, ಸೇರಲಿರುವ ಹುಡುಗರಿಗೆ ತರಬೇತಿ ಕೊಡುವುದು ನನ್ನ ಉದ್ಯೋಗ. ಬಜಪೆ ವಿಮಾನ ನಿಲ್ದಾಣದ ಏಪ್ರನ್ನಿಗೆ, ಅಂದರೆ ವಿಮಾನಗಳು ನಿಲ್ಲುವ ಅಂಗಳಕ್ಕೆ, ಇಳಿಯುವ ಮೊದಲು ಅವರು ಬಯಲಿನಲ್ಲಿ ಅಭ್ಯಾಸ ಮಾಡಬೇಕು. ಅಲ್ಲಿ ವಿಮಾನದ ಪಾತ್ರವನ್ನು ಒಂದು ಲಾರಿ ವಹಿಸುತ್ತದೆ. ಪೆಟ್ಟಿಗೆಯ ಮೇಲೆ ತಯಾರಕರ ಹೆಸರಿರಲಿಲ್ಲ. ಕೇಳಿದ್ದಕ್ಕೆ ಅಂಗಡಿಯವರು, "ಟ್ರಾಫಿಕ್‌ನವರು, ಪಾರ್ಕಿಂಗಿನವರು ಎಲ್ಲ ಇದನ್ನೇ ಕೊಂಡು ಹೋಗುವುದು ಮಾರಾಯ್ರೆ" ಎಂದರು. ಅವರು ಹೇಳಿದ್ದು ನಿಜವೇ, ತೊಡಕಿರುವುದೂ ಅಲ್ಲಿಯೇ.

ರಸ್ತೆಯಲ್ಲಿ ಕೋಲು ಹಿಡಿದವರು ಕಣ್ಣಿಗೆ ಬಿದ್ದರೆ ಸಾಕು; ಅದಕ್ಕೆ ಮಿನುಗುವ ಬೆಳಕು ಅನುಕೂಲವೇ. ಮಾರ್ಷಲರ್ ವಿಷಯ ಹಾಗಲ್ಲ, ಅವರ ಕೈಯ ಚಲನೆಯನ್ನು ಪೈಲಟ್ ಓದಬೇಕು. ಸಾಮಾನ್ಯ ನಿಲುಗಡೆಯ ಸಂಜ್ಞೆಯಲ್ಲಿ ಎರಡೂ ತೋಳುಗಳನ್ನು ಪಕ್ಕಕ್ಕೆ ನೇರವಾಗಿ ಚಾಚಿ, ಕೋಲುಗಳು ತಲೆಯ ಮೇಲೆ ಒಂದನ್ನೊಂದು ಅಡ್ಡಹಾಯುವವರೆಗೆ ನಿಧಾನವಾಗಿ ಎತ್ತುತ್ತಾರೆ. ತುರ್ತು ನಿಲುಗಡೆಯಲ್ಲಿ ಅದೇ ಅಡ್ಡಗೆರೆಯನ್ನು ಥಟ್ಟನೆ ಮಾಡುತ್ತಾರೆ. ಎರಡರ ಕೊನೆಯ ಭಂಗಿ ಒಂದೇ ಆದ್ದರಿಂದ ವ್ಯತ್ಯಾಸ ತಿಳಿಯುವುದು ವೇಗದಿಂದ ಮಾತ್ರ. ಬೆಳಕು ಆರಿ ಹೊತ್ತುತ್ತಿದ್ದರೆ ಆ ವೇಗವೇ ಕಾಣುವುದಿಲ್ಲ: ಕೈ ಒಮ್ಮೆ ಭುಜದ ಮಟ್ಟದಲ್ಲಿರುತ್ತದೆ, ಮರುಕ್ಷಣ ತಲೆಯ ಮೇಲಿರುತ್ತದೆ, ನಡುವಿನ ದಾರಿ ಕತ್ತಲು.

ಈ ವಾಂಡ್‌ಗೆ ಇರುವುದು ಒಂದೇ ಗುಂಡಿ. ಒಮ್ಮೆ ಒತ್ತಿದರೆ ಸ್ಥಿರ ಬೆಳಕು, ಇನ್ನೊಮ್ಮೆ ಒತ್ತಿದರೆ ಮಿನುಗು, ಮತ್ತೊಮ್ಮೆಗೆ ಇನ್ನೂ ವೇಗದ ಮಿನುಗು, ನಾಲ್ಕನೆಯ ಸಲಕ್ಕೆ ಆರುತ್ತದೆ. ಗುಂಡಿ ಹಿಡಿಯ ಮೇಲೆ, ಸರಿಯಾಗಿ ಹೆಬ್ಬೆರಳು ಕೂರುವ ಜಾಗದಲ್ಲಿದೆ. ಒದ್ದೆ ಕೈಗವಸಿನಲ್ಲಿ ಹಿಡಿ ಜಾರುತ್ತದೆಂದು ಹುಡುಗರು ಕೋಲುಗಳನ್ನು ತಲೆಯ ಮೇಲೆ ತರುವಾಗ ಮುಷ್ಟಿ ಬಿಗಿಮಾಡುತ್ತಾರೆ, ಹೆಬ್ಬೆರಳು ಗುಂಡಿಯನ್ನು ಅದುಮುತ್ತದೆ, ನಿಲ್ಲಿಸಬೇಕಾದ ಹೊತ್ತಿಗೇ ಒಂದು ಕೈಯ ಬೆಳಕು ಮಿನುಗತೊಡಗುತ್ತದೆ. ಇದನ್ನು ನಾನು ಲಾರಿಯ ಕ್ಯಾಬಿನ್ನಿನಲ್ಲಿ ಕುಳಿತು, ವೈಪರ್ ಓಡಿಸಿಕೊಂಡು, ಜುಲೈ ತಿಂಗಳ ಮಳೆಯಲ್ಲಿ ನೋಡಿದ್ದೇನೆ. ವೈಪರ್ ಹೊಡೆತವೂ ಮಿನುಗೂ ಒಂದಕ್ಕೊಂದು ತಾಳ ತಪ್ಪಿದಾಗ ಎಡಗೈ ಎಲ್ಲಿದೆಯೆಂದೇ ತಿಳಿಯಲಿಲ್ಲ. ಮಾರ್ಷಲರ್ ಕಣ್ಮರೆಯಾದರೆ ಪೈಲಟ್ ವಿಮಾನವನ್ನು ಅಲ್ಲೇ ನಿಲ್ಲಿಸಬೇಕು ಎಂಬ ನಿಯಮವೇನೋ ಇದೆ. ಆದರೆ ಅರ್ಧ ಕಾಣುವ ಸಂಜ್ಞೆಗೆ ಅಂಥ ಸ್ಪಷ್ಟ ನಿಯಮದ ಆಸರೆ ಇಲ್ಲ. ಏರ್‌ಬಸ್ 320, ಬೋಯಿಂಗ್ 737-800 ವಿಮಾನಗಳ ರೆಕ್ಕೆಗಳ ಹರವು ಸುಮಾರು 36 ಮೀಟರ್. ಈ ವರ್ಗದ ವಿಮಾನಕ್ಕೆ ನಿಲುಗಡೆಯಲ್ಲಿ ಪಕ್ಕದ ವಿಮಾನದಿಂದಲೋ ಕಟ್ಟಡದಿಂದಲೋ ಇರಬೇಕಾದ ಕನಿಷ್ಠ ಅಂತರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 4.5 ಮೀಟರ್. ಊಹಿಸಿಕೊಂಡು ಮುಂದೆ ಬರುವಷ್ಟು ಜಾಗವಲ್ಲ ಅದು.

ಇನ್ನೊಂದು ಕೊರತೆ ಬೆಳಗುವ ಕೊಳವೆಯ ಉದ್ದದ್ದು. ಹಿಡಿಯೇ ಅರ್ಧ ಕೋಲನ್ನು ತಿಂದಿರುವುದರಿಂದ, ಮಳೆ ಜೋರಾದಾಗ ದೂರಕ್ಕೆ ಎರಡು ಗೆರೆಗಳ ಬದಲು ಎರಡು ಕೆಂಪು ಚುಕ್ಕೆಗಳು ಕಾಣುತ್ತವೆ. ಚುಕ್ಕೆಗಳು ಒಂದನ್ನೊಂದು ಅಡ್ಡಹಾಯಲಾರವು. ಬೆಳಕಿನ ಪ್ರಖರತೆ, ಬ್ಯಾಟರಿಯ ಬಾಳಿಕೆ ಎರಡೂ ಚೆನ್ನಾಗಿವೆ. ನೀರು ಒಳಗೆ ಇಳಿಯಲಿಲ್ಲ. ನಮ್ಮ ಕರಾವಳಿಯಲ್ಲಿ ಅದನ್ನು ಸಣ್ಣ ಗುಣವೆಂದು ಬಿಡುವಂತಿಲ್ಲ.

ಚಾಕ್‌ಗಳ ಬಗ್ಗೆ ದೂರು ಕಡಿಮೆ. ರಬ್ಬರ್ ಗಟ್ಟಿಯಾಗಿದೆ, ಅಡಿಭಾಗದ ಗೆರೆಗಳು ಒದ್ದೆ ಕಾಂಕ್ರೀಟಿನ ಮೇಲೆ ಹಿಡಿತ ಬಿಡುವುದಿಲ್ಲ, ಮರದ ಚಾಕ್‌ಗಳಂತೆ ನೀರು ಕುಡಿದು ಸೀಳುವ ಭಯವೂ ಇಲ್ಲ. ತೂಕ ಹೆಚ್ಚು ಎಂದು ಹುಡುಗರು ಗೊಣಗಿದರು. ಎರಡನ್ನೂ ಎತ್ತಿಕೊಂಡು ಓಡಲಾಗದಷ್ಟು ತೂಕವಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ವಿಮಾನ ನಿಂತ ಕೂಡಲೇ ಅದರ ಬಳಿಗೆ ಓಡುವ ಆತುರ ಈ ಕೆಲಸದ ದೊಡ್ಡ ಅಪಾಯ. 2022ರ ಡಿಸೆಂಬರ್ 31ರಂದು ಅಮೆರಿಕದ ಮಾಂಟ್‌ಗಮರಿಯಲ್ಲಿ, ನಿಂತಾಗ ವಿದ್ಯುತ್ ಕೊಡುವ ಸಹಾಯಕ ಘಟಕ ಕೆಲಸ ಮಾಡದಿದ್ದ ಎಂಬ್ರೇಯರ್ 175 ವಿಮಾನವೊಂದು ಗೇಟಿನಲ್ಲಿ ನಿಂತಿತ್ತು. ಹಾಗಾಗಿ ಒಂದು ಎಂಜಿನ್ ಇನ್ನೂ ಓಡುತ್ತಿತ್ತು, ಎಂಜಿನ್ ಓಡುತ್ತಿದೆಯೆಂದು ಎಚ್ಚರಿಸುವ ಕೆಂಪು ಬೀಕನ್ ದೀಪವೂ ಉರಿಯುತ್ತಿತ್ತು. ಎಂಜಿನ್ ಆರಿಸುವವರೆಗೆ ಹತ್ತಿರ ಹೋಗಬಾರದೆಂದು ಮೊದಲೇ ಎಚ್ಚರಿಸಿದ್ದರೂ ಹತ್ತಿರ ಹೋದ ನೆಲದ ಸಿಬ್ಬಂದಿಯೊಬ್ಬರನ್ನು ಎಂಜಿನ್ ಒಳಗೆ ಸೆಳೆದುಕೊಂಡಿತು.

ಚಾಕ್‌ಗಳನ್ನು ಜೋಡಿಸುವ ಹಗ್ಗ ಮಾತ್ರ ಗಿಡ್ಡವಾಯಿತು. ಪಕ್ಕದಲ್ಲಿ ನಿಂತು ಎಳೆದು ತೆಗೆಯುವಷ್ಟು ಉದ್ದವಿಲ್ಲದೆ, ತೆಗೆಯುವವರು ಟೈರಿನ ಮುಂದೆ ಬಗ್ಗಬೇಕಾಗುತ್ತದೆ. ನಾವೇ ಮೀನುಗಾರಿಕೆ ದೋಣಿಗೆ ಬಳಸುವ ನೈಲಾನ್ ಹಗ್ಗ ಹಾಕಿಕೊಂಡೆವು. ಹಳದಿ ಬಣ್ಣ ಮೊದಲ ಮಳೆಗೇ ಎದ್ದುಹೋಯಿತು, ಪ್ರತಿಫಲನ ಪಟ್ಟಿ ಇರಲೇ ಇಲ್ಲ, ಅದನ್ನೂ ಹಚ್ಚಿಕೊಂಡೆವು.

ಹಗ್ಗ, ಪಟ್ಟಿಗಳ ಖರ್ಚನ್ನು ಸೇರಿಸಿದರೂ ಚಾಕ್‌ಗಳು ಬೆಲೆಗೆ ಮೋಸವಿಲ್ಲ, ಇನ್ನೆರಡು ಜೊತೆ ಹೇಳಿಟ್ಟಿದ್ದೇನೆ. ವಾಂಡ್ ಕೊಳ್ಳುವವರು ಸ್ಥಿರ ಬೆಳಕು ಮಾತ್ರ ಇರುವ, ಗುಂಡಿ ಹಿಡಿಯ ಬುಡದಲ್ಲಿರುವ ಮಾದರಿಯನ್ನೇ ಕೇಳಿ ಪಡೆಯಬೇಕು. ಅಂಗಡಿಯಲ್ಲೇ ಕೈ ಒದ್ದೆಮಾಡಿಕೊಂಡು, ಮುಷ್ಟಿ ಬಿಗಿಹಿಡಿದು ತಲೆಯ ಮೇಲೆ ಅಡ್ಡ ಮಾಡಿ ನೋಡಬೇಕು. ನಾನು ತಂದ ಜೊತೆ ಈಗ ಬಯಲಿನ ಗೇಟಿನಲ್ಲಿ, ಒಳಬರುವ ಬೈಕ್‌ಗಳನ್ನು ತಡೆಯುವವರ ಕೈಯಲ್ಲಿದೆ; ಆ ಕೆಲಸಕ್ಕೆ ಅದು ತಕ್ಕದ್ದೇ.