ಆಪಲ್ ಕೈಬಿಟ್ಟ ಮ್ಯಾಕ್‌ನಲ್ಲಿ ಹೊಸ ಮ್ಯಾಕ್‌ಓಎಸ್: ಓಪನ್‌ಕೋರ್ ಲೆಗಸಿ ಪ್ಯಾಚರ್ ವಿಮರ್ಶೆ

2012ರ ಹದಿಮೂರು ಇಂಚಿನ ಮ್ಯಾಕ್‌ಬುಕ್ ಪ್ರೊ, ರ‍್ಯಾಮ್ ಮತ್ತು ಡಿಸ್ಕ್ ಎರಡನ್ನೂ ಬಳಸುವವರೇ ಬದಲಿಸಿಕೊಳ್ಳಬಹುದಾದ ಕೊನೆಯ ಮ್ಯಾಕ್ ಲ್ಯಾಪ್‌ಟಾಪ್‌ಗಳಲ್ಲಿ ಒಂದು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿ, ರ‍್ಯಾಮ್ ಹೆಚ್ಚಿಸಿದರೆ ಬರವಣಿಗೆ, ಪತ್ರವ್ಯವಹಾರ, ಬ್ರೌಸಿಂಗ್‌ಗೆ ಅದು ಇಂದಿಗೂ ಸಾಕಾಗುತ್ತದೆ. ಆದರೆ ಆಪಲ್ ಅದಕ್ಕೆ ಕೊಟ್ಟ ಕೊನೆಯ ಆಪರೇಟಿಂಗ್ ಸಿಸ್ಟಮ್ 2019ರ ಕೆಟಲೀನಾ. ಅದಕ್ಕೆ ಸುರಕ್ಷತಾ ಅಪ್‌ಡೇಟ್‌ಗಳು ನಿಂತಿವೆ. ಕ್ರೋಮ್ ಕೂಡ 129ನೇ ಆವೃತ್ತಿಯಿಂದ ಅದನ್ನು ಕೈಬಿಟ್ಟಿದೆ. ಯಂತ್ರ ಕೆಟ್ಟಿಲ್ಲ, ತಂತ್ರಾಂಶದ ಬೆಂಬಲವಷ್ಟೇ ತಪ್ಪಿದೆ ಎಂಬ ಇಂಥ ಸ್ಥಿತಿಯಲ್ಲಿ ನೆರವಿಗೆ ಬರುವುದು ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ ಉಚಿತ, ಮುಕ್ತ ಆಕರ ತಂತ್ರಾಂಶ. ಇದೇ ಮಾದರಿಯ ಮ್ಯಾಕ್‌ನಲ್ಲಿ ಮ್ಯಾಕ್‌ಓಎಸ್‌ನ ಸೊನೋಮಾ ಆವೃತ್ತಿಯನ್ನು ಅನುಸ್ಥಾಪಿಸಿ ಬಳಸಿದ ಆಧಾರದ ಮೇಲೆ ಈ ವಿಮರ್ಶೆ.

ಇದರ ಬುನಾದಿಯಾದ ಓಪನ್‌ಕೋರ್ ಬೂಟ್‌ಲೋಡರ್ (ಯಂತ್ರ ಶುರುವಾದಾಗ ಆಪರೇಟಿಂಗ್ ಸಿಸ್ಟಮನ್ನು ತೆರೆಯುವ ತಂತ್ರಾಂಶ) ಬಂದದ್ದು, ಆಪಲ್ ತಯಾರಿಸದ ಪಿಸಿಗಳಲ್ಲಿ ಮ್ಯಾಕ್‌ಓಎಸ್ ಓಡಿಸುವ ಹವ್ಯಾಸಿಗಳ ವಲಯದಿಂದ. ಅಲ್ಲಿ ಹುಟ್ಟಿದ ಜಾಣ್ಮೆ ಕೊನೆಗೆ ಆಪಲ್‌ನದೇ ಹಳೆಯ ಯಂತ್ರಗಳ ಆಯುಷ್ಯ ಹೆಚ್ಚಿಸಲು ಒದಗಿದ್ದು ಸ್ವಾರಸ್ಯದ ಸಂಗತಿ. ಯಂತ್ರದೊಳಗೇ ಅಡಕವಾಗಿರುವ ಮೂಲ ತಂತ್ರಾಂಶವಾದ ಫರ್ಮ್‌ವೇರನ್ನು ಇದು ತಿದ್ದುವುದಿಲ್ಲ. ಡಿಸ್ಕಿನಲ್ಲಿ ಬೂಟ್ ಕಡತಗಳಿಗೆಂದೇ ಇರುವ ಇಎಫ್‌ಐ ವಿಭಾಗದಲ್ಲಿ ನೆಲೆಸಿ, ಬೂಟ್ ಆಗುವ ಹೊತ್ತಿನಲ್ಲಿ ಮ್ಯಾಕ್‌ಓಎಸ್ ನಡೆಸುವ ಮಾದರಿ ತಪಾಸಣೆಯನ್ನು ದಾಟಿಸುತ್ತದೆ. ಹಾಗಾಗಿ ಅಪ್‌ಡೇಟ್‌ಗಳೂ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿಯೇ ಎಂದಿನಂತೆ ಕಾಣಿಸಿಕೊಳ್ಳುತ್ತವೆ.

ಅನುಸ್ಥಾಪನೆಯ ಹಂತಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪ್ಯಾಚರ್ ತಾನೇ ಆಪಲ್‌ನಿಂದ ಇನ್‌ಸ್ಟಾಲರನ್ನು ಇಳಿಸಿಕೊಂಡು ಪೆನ್ ಡ್ರೈವ್ ಸಿದ್ಧಪಡಿಸುತ್ತದೆ; ಆಪ್ಶನ್ ಕೀಲಿ ಒತ್ತಿ ಹಿಡಿದು ಬೂಟ್ ಮಾಡಿ, ಮೊದಲು ಇಎಫ್‌ಐ ಬೂಟ್ ಚಿಹ್ನೆಯನ್ನೂ ಆಮೇಲೆ ಇನ್‌ಸ್ಟಾಲರನ್ನೂ ಆರಿಸಿಕೊಂಡರೆ ಉಳಿದದ್ದು ಹೊಸ ಮ್ಯಾಕ್‌ನಲ್ಲಿ ನಡೆಯುವಂತೆಯೇ ನಡೆಯುತ್ತದೆ. ಶುರುಮಾಡುವ ಮುನ್ನ ಪೂರ್ಣ ಬ್ಯಾಕಪ್ ತೆಗೆದಿಡುವುದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು.

ನಿಜವಾದ ಕೆಲಸ ಇರುವುದು ಅನುಸ್ಥಾಪನೆ ಮುಗಿದ ಮೇಲೆ. ಈ ಯಂತ್ರದಲ್ಲಿರುವ ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್‌ನ ಡ್ರೈವರನ್ನು (ಆ ಭಾಗವನ್ನು ನಡೆಸುವ ತಂತ್ರಾಂಶವನ್ನು) ಆಪಲ್ 2021ರ ಮಾಂಟೆರೇಯಲ್ಲಿಯೂ, ಇದರ ವೈಫೈ ಡ್ರೈವರನ್ನು 2023ರ ಸೊನೋಮಾದಲ್ಲಿಯೂ ತೆಗೆದುಹಾಕಿತು. ಆದ್ದರಿಂದ ಮೊದಲ ಸಲ ತೆರೆದಾಗ ವೈಫೈ ಇರುವುದಿಲ್ಲ, ಕಿಟಕಿಗಳು ತಡವರಿಸುತ್ತ ಚಲಿಸುತ್ತವೆ. ‘ರೂಟ್ ಪ್ಯಾಚ್’ ಎಂಬ ಹಂತದಲ್ಲಿ ಹಿಂದಿನ ಆವೃತ್ತಿಗಳ ಡ್ರೈವರ್‌ಗಳು ಸಿಸ್ಟಮ್ ವಾಲ್ಯೂಮ್‌ಗೆ, ಅಂದರೆ ಮ್ಯಾಕ್‌ಓಎಸ್‌ನ ಕಡತಗಳಿರುವ ಡಿಸ್ಕ್ ಭಾಗಕ್ಕೆ, ಮರಳಿ ಸೇರಿದ ಬಳಿಕವೇ ಯಂತ್ರ ಬಳಕೆಗೆ ಬರುತ್ತದೆ. ಕೆಲವು ಮಾದರಿಗಳಿಗೆ ಈ ಹಂತದಲ್ಲಿ ಇಂಟರ್ನೆಟ್‌ನಿಂದ ಹೆಚ್ಚುವರಿ ಕಡತಗಳು ಬೇಕಾಗುವುದರಿಂದ ಈಥರ್ನೆಟ್ ಕೇಬಲ್ ಕೈಯಲ್ಲಿರುವುದು ಒಳ್ಳೆಯದು. 2012ರ ಈ ಮಾದರಿಗೆ ಆ ಪೋರ್ಟ್ ಇರುವುದು ಈಗ ವರವಾಗಿ ಪರಿಣಮಿಸಿದೆ.

ಪ್ಯಾಚ್ ಆದ ನಂತರದ ಅನುಭವ ನಿರೀಕ್ಷೆಗಿಂತ ಚೆನ್ನಾಗಿದೆ. ಬ್ರೌಸರ್, ಮೇಲ್, ವಿಡಿಯೋ, ಕಚೇರಿ ಕಡತಗಳು ಯಾವ ತಕರಾರೂ ಇಲ್ಲದೆ ತೆರೆದುಕೊಳ್ಳುತ್ತವೆ. ಆದರೆ ಇದು ಎಸ್‌ಎಸ್‌ಡಿ ಇರುವ ಯಂತ್ರದ ಮಾತು. ಹಳೆಯ ಹಾರ್ಡ್ ಡಿಸ್ಕ್ ಮೇಲೆ, ನಾಲ್ಕು ಜಿಬಿ ರ‍್ಯಾಮಿನಲ್ಲಿ ಸೊನೋಮಾ ಹಾಕುವುದು ಯಂತ್ರಕ್ಕೂ ಬಳಸುವವರಿಗೂ ಶಿಕ್ಷೆ. ಅಂತೆಯೇ ಆಪಲ್‌ನ ಮೆಟಲ್ ಎಂಬ ಗ್ರಾಫಿಕ್ಸ್ ತಂತ್ರಜ್ಞಾನ ಅರಿಯದ ಗ್ರಾಫಿಕ್ಸ್ ಇರುವ, 2011 ಮತ್ತು ಅದಕ್ಕೂ ಹಿಂದಿನ ಹೆಚ್ಚಿನ ಮ್ಯಾಕ್‌ಗಳನ್ನು ಪ್ಯಾಚರ್ ಬೆಂಬಲಿಸುತ್ತದಾದರೂ, ಪರದೆಯಲ್ಲಿ ಅಲ್ಲಲ್ಲಿ ದೋಷಗಳು ಉಳಿಯುತ್ತವೆ, ಮೆಟಲ್ ಬೇಡುವ ಅಪ್ಲಿಕೇಶನ್‌ಗಳು ನಡೆಯುವುದಿಲ್ಲ. ಅಂಥ ಯಂತ್ರಗಳಿಗೆ ಹಗುರವಾದ ಲಿನಕ್ಸ್ ಹೆಚ್ಚು ಸೂಕ್ತವೆಂಬುದು ನನ್ನ ಅಭಿಪ್ರಾಯ.

ಬಳಕೆಗಿಂತ ನಿರ್ವಹಣೆಯೇ ಇಲ್ಲಿ ಹೆಚ್ಚು ಶ್ರದ್ಧೆ ಕೇಳುತ್ತದೆ. ಮ್ಯಾಕ್‌ಓಎಸ್ ಅಪ್‌ಡೇಟ್ ಆದಾಗ ರೂಟ್ ಪ್ಯಾಚ್‌ಗಳು ಅಳಿಸಿಹೋಗುತ್ತವೆ, ಮತ್ತೆ ಹಾಕಬೇಕಾಗುತ್ತದೆ. ಪ್ಯಾಚರ್ ಅದನ್ನು ತಾನಾಗಿ ನೆನಪಿಸುತ್ತದೆ, ನಿಜ. ಆದರೆ ಸಿಸ್ಟಮ್ ಕಡತಗಳು ಬದಲಾಗಿಲ್ಲವೆಂದು ಖಾತ್ರಿಪಡಿಸುವ ಆಪಲ್‌ನ ಮುದ್ರೆ ರೂಟ್ ಪ್ಯಾಚ್‌ನಿಂದ ಒಡೆದಿರುವುದರಿಂದ ಚಿಕ್ಕ ಅಪ್‌ಡೇಟ್‌ಗೂ ಪೂರ್ತಿ ಆವೃತ್ತಿಯನ್ನೇ, ಅಂದರೆ ಹತ್ತು ಜಿಬಿಗೂ ಮೀರಿದ ಕಡತವನ್ನು, ಇಳಿಸಿಕೊಳ್ಳಬೇಕು. ಸ್ವಯಂಚಾಲಿತ ಅಪ್‌ಡೇಟ್‌ಗಳನ್ನು ನಿಲ್ಲಿಸಿ, ಪ್ಯಾಚರ್‌ನ ಹೊಸ ಆವೃತ್ತಿಯನ್ನು ಮೊದಲು ಹಾಕಿಕೊಂಡು, ಅನಂತರವೇ ಮ್ಯಾಕ್‌ಓಎಸ್ ಅಪ್‌ಡೇಟ್ ಮಾಡುವ ಶಿಸ್ತು ಇಲ್ಲದವರಿಗೆ ಇದು ಹೇಳಿಸಿದ್ದಲ್ಲ.

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಈ ಪ್ಯಾಚ್‌ಗಳನ್ನು ಹಾಕಲು ಮ್ಯಾಕ್‌ಓಎಸ್‌ನ ಸಿಸ್ಟಮ್ ಇಂಟೆಗ್ರಿಟಿ ಪ್ರೊಟೆಕ್ಷನ್ ಎಂಬ, ಸಿಸ್ಟಮ್ ಕಡತಗಳನ್ನು ಯಾರೂ ತಿದ್ದದಂತೆ ಕಾಯುವ ರಕ್ಷಣೆಯನ್ನು ಭಾಗಶಃ ಸಡಿಲಿಸಬೇಕು. ಸುರಕ್ಷತೆಗಾಗಿ ಹೊಸ ಆವೃತ್ತಿಗೆ ಹೋಗುವವರು ಅದಕ್ಕಾಗಿಯೇ ಒಂದು ಬೀಗವನ್ನು ತೆರೆದಿಡಬೇಕಾಗಿ ಬರುವ ವೈಪರೀತ್ಯ ಇದು. ಅಪ್‌ಡೇಟ್ ನಿಂತ ಬ್ರೌಸರಿನಲ್ಲಿ ಜಾಲತಾಣಗಳನ್ನು ನೋಡುವುದು ಅದಕ್ಕಿಂತ ದೊಡ್ಡ ಅಪಾಯವಾದ್ದರಿಂದ, ಮನೆಬಳಕೆಗೆ ಈ ವಿನಿಮಯ ಲಾಭದಾಯಕವೆಂದೇ ನಾನು ಭಾವಿಸುತ್ತೇನೆ. ಕಚೇರಿಯ ಗೋಪ್ಯ ಕಡತಗಳಿರುವ ಯಂತ್ರಕ್ಕೆ ಮಾತ್ರ ಇದನ್ನು ಶಿಫಾರಸು ಮಾಡಲಾರೆ.

ಯಾವ ಆವೃತ್ತಿಯನ್ನು ಹಾಕಬೇಕೆಂದು ಕೇಳಿದರೆ, ತೀರ ಹೊಸದರ ಬೆನ್ನು ಹತ್ತದೆ, ಪ್ಯಾಚ್‌ಗಳು ಪಕ್ವವಾಗಿರುವ ಒಂದೆರಡು ಮೆಟ್ಟಿಲು ಹಿಂದಿನ ಆವೃತ್ತಿಯಲ್ಲಿ ನಿಲ್ಲುವುದೇ ಲೇಸು. ಆಪಲ್ ಸಾಮಾನ್ಯವಾಗಿ ಚಾಲ್ತಿಯ ಆವೃತ್ತಿಯ ಜೊತೆಗೆ ಅದರ ಹಿಂದಿನ ಎರಡಕ್ಕೂ ಸುರಕ್ಷತಾ ಅಪ್‌ಡೇಟ್ ನೀಡುತ್ತ ಬಂದಿದೆ. ಇಂಟೆಲ್ ಮ್ಯಾಕ್‌ಗಳಿಗೆ 2025ರ ಟಾಹೋ ಆವೃತ್ತಿಯೇ ಕೊನೆಯದೆಂದು ಆಪಲ್ ಘೋಷಿಸಿರುವುದರಿಂದ ಈ ದಾರಿ ಅದರಾಚೆಗೆ ಸಾಗದು. ಈಗ ಪ್ಯಾಚರ್ ಬಳಸುವವರು ಪಡೆಯುವುದು ಇನ್ನು ಕೆಲವು ವರ್ಷಗಳ ಬಳಕೆಯನ್ನಷ್ಟೇ ಎಂಬುದನ್ನು ಲೆಕ್ಕಕ್ಕೆ ಹಿಡಿದು, ಎಸ್‌ಎಸ್‌ಡಿ ಮತ್ತು ರ‍್ಯಾಮ್‌ಗೆ ಎಷ್ಟು ಖರ್ಚು ಮಾಡಬಹುದೆಂದು ನಿರ್ಧರಿಸಬೇಕು.