ಡನೆಟ್ ಟೆಸ್ಟ್ ಮಾಡುವ ಮುಂಚೆ ಕಂಟ್ರೋಲ್ ಯಾವುದು ಅಂತ ನೋಡಿಕೊಳ್ಳಿ

ಎಸ್‌ಪಿಎಸ್‌ಎಸ್ ಅನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ ಅನೋವಾ (ಹಲವು ಗುಂಪುಗಳ ಸರಾಸರಿಯಲ್ಲಿ ವ್ಯತ್ಯಾಸ ಇದೆಯಾ ಅಂತ ನೋಡುವ ಟೆಸ್ಟ್) ಮುಗಿಸಿ ಡನೆಟ್ ಟೆಸ್ಟ್ ಮಾಡುತ್ತಿರುವ ಥೀಸಿಸ್ ಮಂದಿ ಇದನ್ನು ಓದಿ. ನಾನು ಹಳ್ಳಕ್ಕೆ ಬಿದ್ದು ಎದ್ದು ಬಂದಿದ್ದೇನೆ.

ಮಂಡ್ಯದಲ್ಲಿ ಎಂಎಸ್ಸಿ ಓದುವಾಗ ನನ್ನದು ಕುಂಡದಲ್ಲಿ ರಾಗಿ ಬೆಳೆಯುವ ಪ್ರಯೋಗ. 5 ಟ್ರೀಟ್‌ಮೆಂಟ್, ಒಂದೊಂದಕ್ಕೆ 4 ಕುಂಡ, ಒಟ್ಟು 20. ಟಿ1 ಅಂದರೆ ಏನೂ ಹಾಕದ ಬರೀ ಮಣ್ಣು, ಅದೇ ಕಂಟ್ರೋಲ್. ಟಿ2 ತಿಪ್ಪೆಗೊಬ್ಬರ, ಟಿ3 ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿ, ಅಂದರೆ ಪ್ರೆಸ್‌ಮಡ್ (ಚೀಲದಲ್ಲಿ ತಂದ ಆ ವಾಸನೆ ಬೈಕಿನಿಂದ ಹೋಗಲು ಒಂದು ವಾರ ಬೇಕಾಯಿತು), ಟಿ4 ಎರೆಗೊಬ್ಬರ, ಟಿ5 ಪ್ರೆಸ್‌ಮಡ್ ಜೊತೆ ಯೂರಿಯಾ. ಟಿ5 ಕುಂಡಗಳಲ್ಲಿ ತೆನೆ ದಪ್ಪ ಇದ್ದದ್ದು ಕಣ್ಣಿಗೇ ಕಾಣುತ್ತಿತ್ತು.

ಡನೆಟ್ ಟೆಸ್ಟ್ ಮಾಡುವುದು ಇಷ್ಟೇ, ಒಂದು ಗುಂಪನ್ನು ಕಂಟ್ರೋಲ್ ಅಂತ ಇಟ್ಟುಕೊಂಡು ಉಳಿದವನ್ನೆಲ್ಲ ಅದರ ಜೊತೆ ಹೋಲಿಸುತ್ತದೆ. ನಾನು ಟಿಕ್ ಹಾಕಿದೆ, ಓಕೆ ಒತ್ತಿದೆ. ಪಕ್ಕದಲ್ಲೇ ‘ಕಂಟ್ರೋಲ್ ಕೆಟಗರಿ’ ಅಂತ ಒಂದು ಸಣ್ಣ ಡಬ್ಬಿ ಇರುತ್ತದೆ. ಅದರಲ್ಲಿ ಮೊದಲೇ ‘ಲಾಸ್ಟ್’ ಅಂತ ಇರುತ್ತದೆ. ಅಂದರೆ ಕೊನೆಯ ಗುಂಪೇ ಕಂಟ್ರೋಲ್. ನನ್ನ ಕಂಟ್ರೋಲ್ 1, ಅದು ಹಿಡಿದುಕೊಂಡದ್ದು 5.

ಔಟ್‌ಪುಟ್‌ನಲ್ಲಿ 4 ಸಾಲು ಬಂತು. ನನಗೂ ಬೇಕಾಗಿದ್ದು 4 ಸಾಲೇ ಅಲ್ವಾ? ಸುಮ್ನೆ ಸಿಗ್ನಿಫಿಕೆನ್ಸ್ ಕಾಲಂ (ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದಾ ಅಂತ ಹೇಳುವುದು) ಮಾತ್ರ ಕಾಪಿ ಮಾಡಿ ವರ್ಡ್‌ನಲ್ಲಿ ಟಿ2, ಟಿ3, ಟಿ4, ಟಿ5 ಮುಂದೆ ಸಾಲಾಗಿ ಅಂಟಿಸಿಬಿಟ್ಟೆ. ಹಾಗಾಗಿ ಮೊದಲ ಸಾಲಿನಲ್ಲಿದ್ದ, ಬರೀ ಮಣ್ಣಿಗೂ ಟಿ5ಗೂ ಇರುವ ದೊಡ್ಡ ವ್ಯತ್ಯಾಸ ಹೋಗಿ ತಿಪ್ಪೆಗೊಬ್ಬರದ ಲೆಕ್ಕಕ್ಕೆ ಸೇರಿತು. ಉಳಿದ ಮೂರಕ್ಕೂ ‘ವ್ಯತ್ಯಾಸವಿಲ್ಲ’. ನಾನು ಅದಕ್ಕೆ ಒಂದು ಪುಟ ವಿವರಣೆಯನ್ನೂ ಹೊಸೆದೆ, ಸೂಕ್ಷ್ಮಜೀವಿ ಅದು ಇದು ಅಂತ. ನಮ್ಮಜ್ಜಿಗೆ ಫೋನ್ ಮಾಡಿ ‘ನೀನು ಹೇಳಿದ್ದೇ ಸರಿ, ತಿಪ್ಪೆಗೊಬ್ಬರವೇ ಗೆದ್ದಿದೆ’ ಅಂತಲೂ ಹೇಳಿದೆ.

ವೈವಾ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಒಂದು ಬೆರಳನ್ನು ಸರಾಸರಿ ಕೋಷ್ಟಕದ ಮೇಲೆ, ಇನ್ನೊಂದನ್ನು ಈ ಡನೆಟ್ ಕೋಷ್ಟಕದ ಮೇಲೆ ಇಟ್ಟು ಕೇಳಿದರು, ‘ಜಾಸ್ತಿ ಇಳುವರಿ ಬಂದದ್ದಕ್ಕೆ ವ್ಯತ್ಯಾಸ ಇಲ್ಲ, ಕಡಿಮೆ ಬಂದದ್ದಕ್ಕೆ ಇದೆ, ಇದು ಹೇಗಪ್ಪ?’ ನನ್ನ ಬಾಯಿ ಒಣಗಿತು. ಬೈಂಡ್ ಆದ ಪ್ರತಿಗಳನ್ನೆಲ್ಲ ಬಿಚ್ಚಿಸಿ ಮತ್ತೆ ಮಾಡಿಸಿದೆ.

ಸಾಫ್ಟ್‌ವೇರ್ ಏನೂ ಮುಚ್ಚಿಟ್ಟಿರಲಿಲ್ಲ. ಕೋಷ್ಟಕದ ‘ಜೆ’ ಕಾಲಂನಲ್ಲಿ, ಅಂದರೆ ಯಾವ ಗುಂಪಿನ ಜೊತೆ ಹೋಲಿಸಿದೆ ಅಂತ ಹೇಳುವ ಕಾಲಂನಲ್ಲಿ, 5 ಅಂತ ಸ್ಪಷ್ಟವಾಗಿತ್ತು. ವ್ಯತ್ಯಾಸದ ಕಾಲಂನಲ್ಲಿ ನಾಲ್ಕಕ್ಕೂ ಮೈನಸ್ ಗುರುತು ಇತ್ತು. ಗೊಬ್ಬರ ಹಾಕಿದ ಕುಂಡದ ಇಳುವರಿಯಲ್ಲಿ ಬರೀ ಮಣ್ಣಿನದ್ದನ್ನು ಕಳೆದರೆ ನಾಲ್ಕೂ ಮೈನಸ್ ಬರುವುದು ಹೇಗೆ? ಅಷ್ಟೂ ಹೊಳೆಯಲಿಲ್ಲ. ಆ ಡಬ್ಬಿಯಲ್ಲಿ ‘ಫಸ್ಟ್’ ಆರಿಸಿ ಮತ್ತೆ ಓಡಿಸಿದಾಗ ಟಿ3, ಟಿ4, ಟಿ5 ಮೂರೂ ಗೆದ್ದವು, ತಿಪ್ಪೆಗೊಬ್ಬರ ಒಂದೇ ಸೋತಿತು. ಅಜ್ಜಿಗೆ ಇನ್ನೂ ಹೇಳಿಲ್ಲ.

ಈ ತಲೆನೋವೇ ಬೇಡ ಅಂತ ಎರಡೆರಡೇ ಗುಂಪು ಹಿಡಿದು ಟಿ-ಟೆಸ್ಟ್ ಮಾಡುತ್ತಾ ಹೋಗಬೇಡಿ. 5 ಗುಂಪಿಗೆ 10 ಜೋಡಿ ಆಗುತ್ತವೆ. ಒಂದೊಂದನ್ನೂ 0.05ರಲ್ಲಿ (ಸುಳ್ಳು ಗೆಲುವಿಗೆ ಶೇ. 5ರಷ್ಟು ಅವಕಾಶ ಕೊಟ್ಟು) ನೋಡಿದರೆ, ನಿಜಕ್ಕೂ ಏನೂ ವ್ಯತ್ಯಾಸ ಇಲ್ಲದಿದ್ದರೂ ಎಲ್ಲೋ ಒಂದು ಕಡೆ ಸುಳ್ಳು ಗೆಲುವು ಸಿಗುವ ಸಾಧ್ಯತೆ ಸುಮಾರು ಶೇ. 40ರವರೆಗೂ ಹೋಗುತ್ತದೆ. ಇನ್ನೊಂದು ವಿಷಯ, ಟಿ-ಟೆಸ್ಟ್‌ನ ‘ಡಿಫೈನ್ ಗ್ರೂಪ್ಸ್’ನಲ್ಲಿ 1 ಮತ್ತು 2 ಅಂತ ಕೊಟ್ಟರೆ 3ನೇ ಗುಂಪನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮೈಸೂರಿನ ನನ್ನ ಗೆಳೆಯನ ಸರ್ವೆಯಲ್ಲಿ ಚಾಮರಾಜನಗರದವರೆಲ್ಲ ಹೀಗೇ ಮಾಯವಾದರು. ಗುಂಪಿನಲ್ಲಿ ಎಷ್ಟು ಜನ ಅಂತ ಹೇಳುವ ‘ಎನ್’ ಕಾಲಂ ಕೂಡಿ ನೋಡಿದಾಗಲೇ ಅವನಿಗೆ ಗೊತ್ತಾದದ್ದು.

ಆರ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಬಳಸುವವರು ನಗಬೇಡಿ, ಅಲ್ಲಿ ಹೆಸರುಗಳನ್ನು ಅಕ್ಷರಮಾಲೆ ಪ್ರಕಾರ ಜೋಡಿಸಿ ಮೊದಲು ಬಂದದ್ದನ್ನೇ ಆಧಾರ ಗುಂಪು ಮಾಡಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ‘ಕಾಂಪೋಸ್ಟ್’, ‘ಕಂಟ್ರೋಲ್’ ಅಂತ ಬರೆದು ನೋಡಿ. ‘ಎನ್’ಗಿಂತ ‘ಎಂ’ ಮೊದಲು, ಹಾಗಾಗಿ ಕಾಂಪೋಸ್ಟೇ ಕಂಟ್ರೋಲ್ ಜಾಗದಲ್ಲಿ ಕೂತಿರುತ್ತದೆ. ‘ರೀಲೆವೆಲ್’ ಅಂತ ಒಂದು ಸಾಲು ಬರೆದು ಅದನ್ನು ಎಬ್ಬಿಸಬೇಕು.